ಹುರುಳಿ ಮೇಲೆ ಬ್ರೇಕ್

ಅರಸೀಕೆರೆಯಲ್ಲಿ ನನಗೆ ಕಾರು ಕಲಿಸಿದ ಕಲ್ಲೇಶಪ್ಪನವರ ಬಾಯಿ ಲಾರಿ ಹಾರ್ನಿನಂಥದ್ದು. "ಕ್ಲಚ್ ಬಿಡ್ರೀ! ಕನ್ನಡಿ ನೋಡ್ರೀ! ಮಕ್ಕಳಿಗೆ ಏನ್ ಪಾಠ ಮಾಡ್ತೀರೋ ಏನೋ!" ಹೈಸ್ಕೂಲ್ ಮೇಡಂ ನಾನು, ಬೇರೆ ಯಾರಾದರೂ ಹೀಗಂದಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ಅಮ್ಮ ಹೋದ ಮೇಲೆ ನನ್ನನ್ನು ಬೈಯುವವರು ಯಾರೂ ಉಳಿದಿರಲಿಲ್ಲ.

ಅವರು ತಿರುತಿರುಗಿ ಹೇಳಿದ ಪಾಠ ಒಂದೇ. "ಒಕ್ಕಣೆಗೆ ಅಂತ ರಸ್ತೆ ಮ್ಯಾಲೆ ಹುರುಳಿ ಹರಡಿರ್ತಾರೆ. ದೂರದಿಂದ್ಲೇ ನಿಧಾನ ಮಾಡಿ, ಹಾರ್ನ್ ಹೊಡೀರಿ. ಅದರ ಮ್ಯಾಲೆ ಹೋದಾಗ ಮಾತ್ರ ಬ್ರೇಕ್ ಒತ್ತಬ್ಯಾಡಿ, ಗಾಡಿ ಜಾರ್ತೈತೆ."

ಲೈಸೆನ್ಸ್ ಬಂತು, ಕ್ಲಾಸು ಮುಗಿಯಿತು. ಭಾನುವಾರ ಒಬ್ಬಳೇ ಹಳೇಬೀಡಿಗೆ ಹೊರಟೆ. ಕಾರಿನೊಳಗೆ ಒಂದು ಮಾತಿಲ್ಲ. ಗೇರ್ ಬದಲಿಸಿದಾಗಲೆಲ್ಲ ಕಣ್ಣು ಎಡಗಡೆಯ ಖಾಲಿ ಸೀಟಿಗೆ ಹೋಗುತ್ತಿತ್ತು. ಜಾವಗಲ್ ದಾಟಿದ ಮೇಲೆ ರಸ್ತೆ ತುಂಬ ಹುರುಳಿ ಗಿಡ. ದೂರದಿಂದಲೇ ನಿಧಾನ ಮಾಡಿ ಹಾರ್ನ್ ಹೊಡೆದೆ. ಹೆಂಗಸರು ಬದಿಗೆ ಸರಿದರು. ಬ್ರೇಕ್ ಮುಟ್ಟದೆ ನೀಟಾಗಿ ದಾಟಿದೆ. ಪಕ್ಕದಲ್ಲಿ ಭೇಷ್ ಅನ್ನುವವರಿಲ್ಲ, ಬೈಯುವವರೂ ಇಲ್ಲ.

ಹಳೇಬೀಡಿನ ಕೆರೆ ಏರಿ ಹತ್ತಿರ ಕಾರು ನಿಲ್ಲಿಸಿ ಫೋನ್ ಮಾಡಿದೆ.

"ಕಲ್ಲೇಶಪ್ಪನವರೇ, ಹುರುಳಿ ಮೇಲೆ ಬ್ರೇಕ್ ಒತ್ತಿಬಿಟ್ಟೆ."

"ಬುದ್ಧಿ ಐತೇನ್ರೀ ನಿಮ್ಗೆ? ಎಷ್ಟು ಸಲ ಬಡ್ಕೊಂಡೆ!" ಅಂತ ಶುರು ಮಾಡಿದರು. ಸೀಟಿಗೆ ಒರಗಿ ಕೇಳುತ್ತಾ ಕೂತೆ. ಉಸಿರು ತೆಗೆದುಕೊಳ್ಳಲು ಅವರು ನಿಲ್ಲಿಸಿದರು. ಎಲ್ಲಿ ಫೋನ್ ಇಟ್ಟುಬಿಡುತ್ತಾರೋ ಅಂತ ಭಯವಾಯಿತು.

"ಹಾರ್ನೂ ಹೊಡೀಲಿಲ್ಲ" ಅಂದೆ.