ಒಂದೇ ಮೈಕು

ಪೈನ್ ಗ್ಯಾಪ್ ಊರಿನ ಕೋರ್ಟಿನ ಮುಂದಿರುವ ಹುಲ್ಲುಹಾಸಿನ ಮೇಲೆ ಬೇಸಿಗೆಯ ಗುರುವಾರಗಳಂದು ಸಂಜೆ ಬ್ಲೂಗ್ರಾಸ್ ಎಂಬ ಗುಡ್ಡಗಾಡಿನ ಸಂಗೀತದ ಕಛೇರಿ ನಡೆಯುತ್ತದೆ. ಟಿಕೆಟ್ಟಿಲ್ಲ, ಮಡಚುವ ಕುರ್ಚಿ ಮಾತ್ರ ಮನೆಯಿಂದ ತರಬೇಕು. ಮಧ್ಯಾಹ್ನವೇ ಬಂದು ಕುರ್ಚಿ ಹಾಕಿ ಹೋದರೆ ಆ ಜಾಗ ಸಂಜೆಯವರೆಗೂ ನಿಮ್ಮದೇ. ಕೆಂಟಕಿಯ ಈ ಗುಡ್ಡಗಳಲ್ಲಿ ಜನ ಪಕ್ಕದವರ ಬೇಲಿಯನ್ನು ಎರಡು ಮಾರು ಒತ್ತರಿಸಿಯಾರು, ಇನ್ನೊಬ್ಬರ ಕುರ್ಚಿಯನ್ನು ಸರಿಸುವುದಿಲ್ಲ. ಕಛೇರಿ ಮುಗಿಯಿತು ಅನ್ನುವುದಕ್ಕೂ ಒಂದು ಗುರುತಿದೆ. ನಿಂತು ಮೀಟುವ ಆಳೆತ್ತರದ ಪಿಟೀಲು, ಇಲ್ಲಿಯವರ ಬಾಯಲ್ಲಿ ಬೇಸು, ಅದನ್ನು ಪಕ್ಕಕ್ಕೆ ಮಲಗಿಸಿದರೆ ಮುಗಿಯಿತು. ನಿರೂಪಕ ಮೂರು ಸಲ ಶುಭರಾತ್ರಿ ಹೇಳಿದರೂ ಏಳದ ಜನ, ಬೇಸು ನೆಲ ಮುಟ್ಟಿತೋ ಇಲ್ಲವೋ, ಪಟಪಟ ಕುರ್ಚಿ ಮಡಚಿ ಕಾರಿನ ಕಡೆ ಓಡುತ್ತಾರೆ. ಊರಿಂದ ಹೊರಗೆ ಹೋಗಲು ಇರುವುದು ಒಂದೇ ರಸ್ತೆ.

ಆ ಬೇಸಿನ ಹಿಂದೆ ಮೂವತ್ತು ವರ್ಷ ನಿಂತವಳು ಓಪಲ್ ಸ್ಟಿಡಮ್. ಅವಳ ಗಂಡ ಹೋಬರ್ಟ್ ಬ್ಯಾಂಡಿನ ಯಜಮಾನ. ಗಿಟಾರು ಅವನದು, ಹಾಡು ಅವನದು, ಮಾತಂತೂ ಪೂರ್ತಿ ಅವನದೇ. ಬ್ಯಾಂಡಿನ ಹೆಸರು ಟರ್ಕಿ ಹಾಲೋ ಬಾಯ್ಸ್. ಈ ‘ಹುಡುಗರಲ್ಲಿ’ ಎಲ್ಲರಿಗಿಂತ ಕಿರಿಯವನಿಗೆ ಅರವತ್ತು ದಾಟಿದೆ, ಇಬ್ಬರು ಮಂಡಿ ಬದಲಾಯಿಸಿಕೊಂಡಿದ್ದಾರೆ, ಒಬ್ಬಳು ಹೆಂಗಸು. ಹಳೆಯ ಪದ್ಧತಿಯ ಬ್ಯಾಂಡಾದ್ದರಿಂದ ವೇದಿಕೆಗೆ ಒಂದೇ ಮೈಕು. ಹಾಡುವವರು ಅದರ ಸುತ್ತ ತಲೆ ಕೂಡಿಸುತ್ತಾರೆ. ನುಡಿಸುವ ಸರದಿ ಬಂದವನು ಮುಂದೆ ನುಗ್ಗುತ್ತಾನೆ, ಮುಗಿಸಿದವನು ಹಿಂದೆ ಜಾರುತ್ತಾನೆ. ನೋಡುವವರು ಆಹಾ ಅನ್ನುತ್ತಾರೆ. ಬೇಸು ವಾದ್ಯಕ್ಕೆ ಮಾತ್ರ ಈ ಓಡಾಟದಲ್ಲಿ ಜಾಗವಿಲ್ಲ, ಅದು ಬೀರುವಿನಷ್ಟು ದಪ್ಪ. ಹಾಗಾಗಿ ಓಪಲ್ ಹಿಂದೆ. ಕೊನೆಯ ಭಕ್ತಿಗೀತೆಗೆ ವಾದ್ಯವೇ ಇರುವುದಿಲ್ಲ, ಗಂಡಸರು ಟೋಪಿ ತೆಗೆದು ಕಣ್ಣು ಮುಚ್ಚಿ ಬರಿಗಂಟಲಲ್ಲಿ ಹಾಡುತ್ತಾರೆ. ಆಗಲೂ ಅವಳು ಬೇಸನ್ನು ತಬ್ಬಿಕೊಂಡೇ ನಿಲ್ಲಬೇಕು. ಕೆಳಗಿಟ್ಟರೆ ಜನ ಮನೆಗೆ ಹೋಗಿಬಿಡುತ್ತಾರಲ್ಲ.

ಓಪಲ್‌ಗೆ ಒಂದು ಆಸೆಯಿತ್ತು, ದೊಡ್ಡದೇನಲ್ಲ. ಅವಳ ತಾಯಿ ವರ್ಲಿ ಒಂದು ಹಾಡು ಕಟ್ಟಿದ್ದಳು. ಬಿಳಿ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ ಹೊತ್ತಿಗೆ ಸರಿಯಾಗಿ ಕಲ್ಲಿದ್ದಲಿನ ರೈಲು ಹೋಗುತ್ತದೆ, ಬಟ್ಟೆಯೆಲ್ಲ ಕಪ್ಪಾಗುತ್ತದೆ, ಮತ್ತೆ ಒಗೆಯಬೇಕು, ಮತ್ತೆ ರೈಲು ಬರುತ್ತದೆ. ಆ ಹಾಡನ್ನು ಮೈಕಿನ ಮುಂದೆ ನಿಂತು, ತಾಯಿ ಕೇಳುವ ಹಾಗೆ, ಒಮ್ಮೆ ಹಾಡಬೇಕು. ವರ್ಲಿಗೆ ತೊಂಬತ್ತು ಸಮೀಪಿಸಿತ್ತು. ಎಡಗಿವಿ ಎಂದೋ ಹೋಗಿತ್ತು, ಬಲಗಿವಿ ಯಂತ್ರದ ಮೇಲೆ ನಡೆಯುತ್ತಿತ್ತು. ಮುಂದಿನ ಬೇಸಿಗೆಗೆ ಅದೂ ಇರಲಾರದು ಎಂದು ಡಾಕ್ಟರು ಹೇಳಿದ್ದರು. ಪಕ್ಕದಲ್ಲಿ ಕೂತು ಹಾಡಿದರೆ ಅವಳಿಗೆ ಕೇಳುವುದಿಲ್ಲ, ಮೈಕಿನಲ್ಲಿ ಬಂದರೆ ಕೇಳುತ್ತದೆ. ಜೂನಿನಿಂದ ಹೋಬರ್ಟ್ ಪ್ರತಿ ವಾರ ‘ಮುಂದಿನ ಗುರುವಾರ ಕಣೇ’ ಅನ್ನುತ್ತ ಬಂದಿದ್ದ. ಈಗ ಆಗಸ್ಟಿನ ಕೊನೆಯ ಗುರುವಾರ, ಈ ವರ್ಷದ ಕೊನೆಯ ಕಛೇರಿ.

ಹಾಗೆಂದು ಆ ವೇದಿಕೆ ಯಾರಿಗೂ ಜಾಗ ಕೊಡದಂಥದ್ದೇನಲ್ಲ. ಜುಲೈನಲ್ಲಿ ಸಿಟಿಯಿಂದ, ಹಳ್ಳಿಯ ಹಾಡಿಗೆ ‘ಅಮೆರಿಕಾನಾ’ ಎಂದು ಹೆಸರಿಟ್ಟು ಹಾಡುವ ಬ್ಯಾಂಡೊಂದು ಬಂದಿತ್ತು. ನಾಲ್ವರೂ ಗಡ್ಡದವರು, ಅಂಗಡಿಯಲ್ಲೇ ಹರಿದು ಕೊಟ್ಟ ಪ್ಯಾಂಟಿನವರು. ಗಣಿಯಲ್ಲಿ ಅಪ್ಪ ಸತ್ತ ಹಾಡನ್ನು ಕಣ್ಣೀರಿಟ್ಟು ಹಾಡಿದರು. ಆಮೇಲೆ ವಿಚಾರಿಸಿದರೆ ಅಪ್ಪ ಹಲ್ಲಿನ ಡಾಕ್ಟರಂತೆ, ಆರೋಗ್ಯವಾಗಿದ್ದಾನಂತೆ. ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ ನಿಜವಾದ ಗಣಿಯವರು ಸಭ್ಯತೆಯಿಂದ ಚಪ್ಪಾಳೆ ತಟ್ಟಿದರು. ಅಂಥವರಿಗೂ ಒಂದೂವರೆ ಗಂಟೆ ಸಿಕ್ಕಿತು, ಓಪಲ್‌ಗೆ ಮೂರು ನಿಮಿಷ ಸಿಕ್ಕಿರಲಿಲ್ಲ.

ಆ ಸಂಜೆ ಬ್ಯಾಂಡಿನ ವ್ಯಾನು ಕೋರ್ಟಿನ ಹಿಂದೆ ನಿಂತಾಗ ಅಲ್ಲಿ ಆಗಲೇ ಇನ್ನೊಂದು ವ್ಯಾನು ನಿಂತಿತ್ತು. ಅದರ ಮೇಲೂ ಟರ್ಕಿ ಹಾಲೋ ಬಾಯ್ಸ್ ಎಂದೇ ಬರೆದಿತ್ತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಅಸಲಿ’ ಎಂದು ಬೇರೆ.

ಅದು ಓಪಲ್‌ಳ ತಮ್ಮ ಎಸ್ಟಿಲ್‌ನದು. ಆರು ವರ್ಷದ ಹಿಂದೆ ಅವನೂ ಹೋಬರ್ಟನೂ ಒಂದೇ ಬ್ಯಾಂಡಿನಲ್ಲಿದ್ದರು, ಒಂದೇ ಮೈಕಿಗೆ ಹಾಡುತ್ತಿದ್ದರು. ಎಸ್ಟಿಲ್‌ನ ಟೋಪಿಯ ಅಂಚು ಹೋಬರ್ಟ್‌ನ ಮೂಗಿಗೆ ತಗಲುತ್ತಿತ್ತು. ಚಿಕ್ಕ ಟೋಪಿ ಹಾಕು ಅಂದ ಇವನು, ಚಿಕ್ಕ ಮೂಗು ಇಟ್ಟುಕೋ ಅಂದ ಅವನು. ಅಲ್ಲಿಗೆ ಮುರಿಯಿತು. ಎಸ್ಟಿಲ್ ತಾನು ಮೀಟುವ ತಂತಿವಾದ್ಯ ಬ್ಯಾಂಜೋ ಎತ್ತಿಕೊಂಡು ಹೋದ, ಹೆಸರನ್ನೂ ಎತ್ತಿಕೊಂಡು ಹೋದ, ಹೋಬರ್ಟ್ ಹೆಸರು ಬಿಡಲಿಲ್ಲ. ಕಛೇರಿಯ ಸಮಿತಿಯ ಅಧ್ಯಕ್ಷ ಪರ್ವಿಸ್ ಒಂದು ಬ್ಯಾಂಡಿಗೆ ಫೋನ್ ಮಾಡಿದ್ದ, ಅವನ ಹೆಂಡತಿ ಇನ್ನೊಂದಕ್ಕೆ ಮಾಡಿದ್ದಳು. ಗಂಡ ಹೆಂಡತಿ ಇಬ್ಬರೂ ‘ಟರ್ಕಿ ಹಾಲೋದವರು ಒಪ್ಪಿದ್ದಾರೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನೆಮ್ಮದಿಯಾಗಿದ್ದರು.

“ಇವನು ಇಲ್ಲಿ ಯಾಕೆ ಬಂದ?” ಅಂದ ಹೋಬರ್ಟ್, ಎಸ್ಟಿಲ್‌ನ ಮುಖ ನೋಡದೆ, ಪರ್ವಿಸ್‌ನನ್ನು ನೋಡುತ್ತ.

“ಭಾವನಿಗೆ ಹೇಳಪ್ಪಾ ಪರ್ವಿಸ್, ಅಸಲಿ ಇದ್ದ ಕಡೆ ನಕಲಿ ಬಂದಿದೆ ಅಂತ” ಅಂದ ಎಸ್ಟಿಲ್, ಅವನೂ ಪರ್ವಿಸ್‌ನನ್ನೇ ನೋಡುತ್ತ.

“ಅಯ್ಯೋ, ಅರ್ಧ ಅರ್ಧ ಗಂಟೆ ಹಂಚ್ಕೊಳ್ರಪ್ಪಾ! ಕೊನೇಲಿ ಎಲ್ರೂ ಸೇರಿ ಭಕ್ತಿಗೀತೆ. ಮಾನ ಉಳಿಸಿ” ಎಂದು ಪರ್ವಿಸ್ ಕೈ ಮುಗಿಯುವಂತಾದ.

ಎಸ್ಟಿಲ್ ಒಪ್ಪಿದ, ಅವನಿಗೆ ಬೇರೆ ದಾರಿಯಿರಲಿಲ್ಲ. ಅವನ ಬೇಸಿನವನು ಮಗಳ ಮದುವೆಗೆಂದು ಒಹಾಯೋಗೆ ಹೋಗಿದ್ದ. ಬೇಸಿಲ್ಲದ ಬ್ಯಾಂಡು ಎಂದರೆ ತಳವಿಲ್ಲದ ಪಾತ್ರೆ, ಎಷ್ಟು ಸುರಿದರೂ ನಿಲ್ಲುವುದಿಲ್ಲ. ಅವನು ಮೆಲ್ಲಗೆ ಓಪಲ್‌ಳ ಹತ್ತಿರ ಬಂದ.

“ಅಕ್ಕಾ, ನಮ್ಗೂ ಒಂಚೂರು ನುಡಿಸ್ತೀಯಾ?”

“ಆರು ವರ್ಷ ಅಕ್ಕ ಎಲ್ಲಿದ್ಲು ಅಂತ ಗೊತ್ತಿರ್ಲಿಲ್ಲ, ಬೇಸು ಬೇಕಾದಾಗ ಕಣ್ಣಿಗೆ ಬಿದ್ಲಾ?”

“ನೀನು ಅವನ ಕಡೆ ಅಲ್ವಾ...”

“ನಾನು ಯಾರ ಕಡೆನೂ ಅಲ್ಲ, ಹಿಂದುಗಡೆ. ಕೇಳಿಲ್ಲಿ. ಅಮ್ಮ ಮುಂದಿನ ಸಾಲಲ್ಲಿ ಕೂತಿದ್ದಾಳೆ. ಅವಳ ಹಾಡು ನಾನು ಮೈಕಲ್ಲಿ ಹಾಡ್ಬೇಕು. ಯಾರು ಒಪ್ತೀರೋ ಅವ್ರಿಗೆ ನುಡಿಸ್ತೀನಿ. ಇಲ್ದಿದ್ರೆ ಇಬ್ರೂ ಕಾಲು ಕುಟ್ಕೊಂಡು ಹಾಡಿ.”

ಹೋಬರ್ಟ್ ದೇವರಾಣೆ ಅಂದ. ಎಸ್ಟಿಲ್ ಅಮ್ಮನಾಣೆ ಅಂದ. ಮಾತು ಕೊಡುವುದರಲ್ಲಿ ಇಬ್ಬರಿಗೂ ಒಂದು ಪೈಸೆ ಖರ್ಚಿಲ್ಲ.

ಮೊದಲ ಅರ್ಧ ಗಂಟೆ ಹೋಬರ್ಟ್‌ನದು. ಹಾಡು ಚೆನ್ನಾಗಿಯೇ ಹಾಡಿದ, ಸುಳ್ಳೇಕೆ ಹೇಳಬೇಕು. ಆದರೆ ಹಾಡು ಹಾಡಿನ ನಡುವೆ ಮೈಕು ಸಿಕ್ಕಿದರೆ ಅವನನ್ನು ಹಿಡಿಯುವವರಿಲ್ಲ. ಬ್ಯಾಂಜೋ ಶ್ರುತಿ ಮಾಡುವುದರ ಬಗ್ಗೆ ಒಂದು ಜೋಕು, ಅದೇ ಜೋಕಿನ ತಮ್ಮನಂಥ ಇನ್ನೊಂದು ಜೋಕು, ಸೀಡಿಗಳು ವ್ಯಾನಿನ ಹತ್ತಿರ ಸಿಗುತ್ತವೆ ಅನ್ನುವ ಪ್ರಕಟಣೆ, ತನ್ನ ಕಿಡ್ನಿ ಕಲ್ಲಿನ ಕಥೆ. ಓಪಲ್ ಹಿಂದಿನಿಂದ ಅವನ ಕತ್ತನ್ನೇ ನೋಡುತ್ತಿದ್ದಳು. ಕೊನೆಯ ಹಾಡೆಂದು ಅವನು ಗಿಟಾರು ಸರಿಪಡಿಸಿಕೊಂಡಾಗ ಅವಳು ಮೈಕಿನ ಕಡೆ ಒಂದು ಹೆಜ್ಜೆ ಎತ್ತಿದಳು. ಅವನು ರೈತ ಮತ್ತು ಹೇಸರಗತ್ತೆಯ ಹಾಡು ಶುರು ಮಾಡಿದ.

“ಏನೋ ಇದು?” ಅಂದಳು ಇಳಿಯುವಾಗ.

“ಜನ ಮೂಡಲ್ಲಿದ್ರು ಕಣೇ. ಮಧ್ಯದಲ್ಲಿ ಬಟ್ಟೆ ಒಗೆಯೋ ಹಾಡು ಹಾಕೋಕಾಗತ್ತಾ? ಎಸ್ಟಿಲ್ ಹೇಗೂ ಮಾತು ಕೊಟ್ಟಿದ್ದಾನಲ್ಲ.”

ಎಸ್ಟಿಲ್ ಮಾತಿನ ಮನುಷ್ಯನಲ್ಲ, ಕೈಯವನು. ಅವನು ಬ್ಯಾಂಜೋ ನುಡಿಸತೊಡಗಿದರೆ ಬೆರಳು ಕಾಣುವುದಿಲ್ಲ, ಕೊನೆಯೂ ಕಾಣುವುದಿಲ್ಲ. ಭಾವ ಮುಂದೆ ಕೂತು ನೋಡುತ್ತಿದ್ದಾನೆಂದು ಅವತ್ತು ಎರಡರಷ್ಟು ಜೋರು. ಒಂದೊಂದು ಹಾಡು ಹತ್ತು ನಿಮಿಷ ಓಡಿತು. ಹಿಂದಿನಿಂದ ಓಪಲ್ ಎರಡು ಸಲ “ಎಸ್ಟಿಲ್!” ಅಂದಳು. ಅವನು ನಕ್ಕು ತಲೆಯಾಡಿಸಿ ಇನ್ನಷ್ಟು ವೇಗ ಹೆಚ್ಚಿಸಿದ. ಅವಳ ಬೆರಳಿಗೆ ಬೊಬ್ಬೆ ಬರುವ ಹಾಗಾಯಿತು. ಮುಂದಿನ ಸಾಲಿನಲ್ಲಿ ವರ್ಲಿ ಮಡಿಲ ಮೇಲೆ ಕೈಚೀಲ ಇಟ್ಟುಕೊಂಡು, ಬಲಗಿವಿಯನ್ನು ವೇದಿಕೆಯ ಕಡೆ ತಿರುಗಿಸಿ, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು.

ಅರ್ಧ ಗಂಟೆ ಮುಗಿಯಿತು. ಪರ್ವಿಸ್ ಓಡಿಬಂದು ಭಕ್ತಿಗೀತೆಯೆಂದು ಸಾರಿದ. ಹೋಬರ್ಟ್ ಮೇಲೆ ಬಂದ. ಆರು ವರ್ಷದ ಮೇಲೆ ಭಾವ ಮತ್ತು ಭಾವಮೈದ ಒಂದೇ ಮೈಕಿನ ಎರಡೂ ಬದಿ ನಿಂತರು. ಜನ ಕುರ್ಚಿಯ ಅಂಚಿಗೆ ಸರಿದರು. ಅವರಿಗೆ ಬೇಕಾದದ್ದು ಹಾಡಲ್ಲ, ಜಗಳ.

ಭಕ್ತಿಗೀತೆಗೆ ಟೋಪಿ ತೆಗೆಯಬೇಕು, ಅದು ನಿಯಮ. ಆದರೆ ಮೊದಲು ತೆಗೆಯುವವನು ಯಾರು? ಟೋಪಿಯಿಂದಲೇ ಮುರಿದ ಸಂಬಂಧದಲ್ಲಿ ಮೊದಲು ಟೋಪಿ ತೆಗೆದವನು ಸೋತ ಹಾಗೆ. ಹೋಬರ್ಟ್ ಎಸ್ಟಿಲ್‌ನ ಟೋಪಿ ನೋಡಿದ, ಎಸ್ಟಿಲ್ ಹೋಬರ್ಟ್‌ನ ಟೋಪಿ ನೋಡಿದ. ದೇವರು ಕಾಯುತ್ತಿದ್ದ.

“ಮೊದ್ಲು ನೀನು ತೆಗಿ.”

“ಹಿರಿಯರು ನೀವು, ನೀವೇ ತೆಗೀರಿ.”

ಓಪಲ್‌ಗೆ ಆ ಕ್ಷಣ ಸಿಟ್ಟೂ ಬರಲಿಲ್ಲ. ಸಾಕಾಯಿತು, ಅಷ್ಟೇ. ಈ ಇಬ್ಬರಿಗಾಗಿ ತಾನು ಮೂವತ್ತು ವರ್ಷ ಒಂದು ಬೀರು ಹಿಡಿದುಕೊಂಡು ನಿಂತಿದ್ದೆ ಅನ್ನಿಸಿ ನಾಚಿಕೆಯಾಯಿತು. ಅವಳು ಬೇಸನ್ನು ಮೆಲ್ಲಗೆ ಬಗ್ಗಿಸಿದಳು, ಪಕ್ಕಕ್ಕೆ ಮಲಗಿಸಿದಳು, ಮುಂದೆ ನಡೆದು ಎರಡು ಟೋಪಿಗಳ ನಡುವೆ ತೂರಿ ಮೈಕಿನ ಎದುರು ನಿಂತಳು.

ಬೇಸು ನೆಲ ಮುಟ್ಟಿದ್ದನ್ನು ಇಡೀ ಹುಲ್ಲುಹಾಸು ನೋಡಿತು. ಪಟ್, ಪಟ್, ಪಟಪಟ. ನೂರಾರು ಕುರ್ಚಿಗಳು ಒಟ್ಟಿಗೆ ಮಡಚತೊಡಗಿದವು. ತಂಪುಪೆಟ್ಟಿಗೆಗಳ ಮುಚ್ಚಳ ಬಿದ್ದವು. ಹುರಿದ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ಮಾರುವವಳು ಒಲೆ ಆರಿಸಿದಳು. ಓಪಲ್ ಬಾಯಿ ತೆರೆದಾಗ ಅವಳಿಗೆ ಕಂಡದ್ದು ಊರಿನವರ ಬೆನ್ನು. ಅಳು ಬಂದೇಬಿಡುತ್ತದೆ ಅನ್ನಿಸಿತು. ಆ ಬೆನ್ನುಗಳ ನಡುವೆ ಒಂದೇ ಒಂದು ಮುಖ ಉಳಿದಿತ್ತು, ತಾಯಿಯದು. ಅವಳು ಕಣ್ಣು ಕಿರಿದು ಮಾಡಿ, ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಳು.

ಓಪಲ್ ಹಾಡಿದಳು.

ಒಗೆದೆ ನಾನು ಹಾಲಿನ ಹಾಗೆ, ಹರವಿದೆ ಗುಡ್ಡದ ಗಾಳಿಗೆ,
ಬಂತು ನೋಡು ಕಪ್ಪು ರೈಲು ನನ್ನ ಬಿಳಿಯ ಬಾಳಿಗೆ...

ಗದ್ದಲದಲ್ಲಿ ಮೊದಲ ಚರಣ ಅರ್ಧ ಮುಳುಗಿತು. ಎರಡನೆಯದನ್ನು ಅವಳು ಜನ ಹೋಗುವುದರೊಳಗೆ ಮುಗಿಸಬೇಕೆಂದು ಓಡಿಸಿದಳು. ಮೂರನೆಯದರಲ್ಲಿ ಪಟಪಟ ಸದ್ದು ನಿಂತಿದ್ದು ಅವಳ ಗಮನಕ್ಕೆ ಬಂತು. ಜನ ಕಂಕುಳಲ್ಲಿ ಕುರ್ಚಿ ಸಿಕ್ಕಿಸಿಕೊಂಡು ನಿಂತಲ್ಲೇ ತಿರುಗಿದ್ದರು. ಕೂರಲೂ ಇಲ್ಲ, ಹೋಗಲೂ ಇಲ್ಲ. ಮುಗಿದ ಮೇಲೂ ಕಛೇರಿ ನಡೆಯುವುದನ್ನು ಅವರು ಯಾವತ್ತೂ ಕಂಡಿರಲಿಲ್ಲ, ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಹಾಡು ಮುಗಿಯಿತು. ಯಾರಾದರೂ ಚಪ್ಪಾಳೆ ತಟ್ಟುವ ಮೊದಲೇ, ಕಿವುಡರಿಗೆ ಸಹಜವಾದ ಎತ್ತರದ ದನಿಯಲ್ಲಿ ವರ್ಲಿ ಅಂದಳು:

“ಎರಡನೇ ಚರಣ ನುಂಗ್ಬಿಟ್ಟೆ! ರೈಲಿಗಿಂತ ಜೋರಾಗಿ ಓಡ್ತೀಯಲ್ಲೇ. ಸರಿಯಾಗಿ ಹಾಡು.”

ಹೋಬರ್ಟ್ ಮೈಕಿಗೆ ಬಗ್ಗಿದ. “ಅತ್ತೆ, ಟೈಮ್ ಆಯ್ತು, ಮುಂದಿನ ವರ್ಷ...”

“ನಿನ್ನ ಯಾರು ಕೇಳಿದ್ರು? ಪಕ್ಕಕ್ಕೆ ಹೋಗು, ಮಗಳು ಕಾಣ್ತಿಲ್ಲ.”

ಜನ ಜೋರಾಗಿ ನಕ್ಕರು. ಓಪಲ್ ಮೈಕು ಬಿಟ್ಟು ಒಂದು ಅಂಗುಲ ಸರಿಯಲಿಲ್ಲ. ನೀರು ಕುಡಿದು ಮತ್ತೆ ಮೊದಲಿನಿಂದ, ಈ ಸಲ ಬಟ್ಟೆ ಹಿಂಡುವಷ್ಟು ನಿಧಾನವಾಗಿ ಹಾಡಿದಳು. ಕುರ್ಚಿಗಳು ಒಂದೊಂದಾಗಿ ಮತ್ತೆ ತೆರೆದುಕೊಂಡವು.

ಇತ್ತ ವೇದಿಕೆಯ ಮೂಲೆಗೆ ತಳ್ಳಿಸಿಕೊಂಡ ಇಬ್ಬರು ಗಂಡಸರು ಪಕ್ಕಪಕ್ಕದಲ್ಲಿ ನಿಂತಿದ್ದರು.

“ನೋಡು ನಿನ್ನಕ್ಕನ್ನ” ಅಂದ ಹೋಬರ್ಟ್, ಆರು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ.

“ನಂಗೊತ್ತು ಭಾವ. ಚಿಕ್ಕವಳಿದ್ದಾಗ್ಲಿಂದ್ಲೂ ಹಟಮಾರಿ. ನಂದೂ ಹಾಳು, ನಿಮ್ದೂ ಹಾಳು.”

“ಮಾತು ಕೊಟ್ಟಿದ್ದೇನೋ ನಿಜ, ಅದಕ್ಕೆ ಅಂತ ಹಿಂಗಾ?”

“ಅದೇ ನಾನೂ ಹೇಳೋದು.”

ಆರು ವರ್ಷ ಪಾದ್ರಿಯಿಂದಲೂ ಆಗದ ರಾಜಿ ಒಂದು ಹಾಡು ಮುಗಿಯುವುದರೊಳಗೆ ಆಯಿತು. ಇಬ್ಬರೂ ಟೋಪಿ ತೆಗೆದು ಬೆವರು ಒರೆಸಿಕೊಂಡರು, ಯಾರು ಮೊದಲು ತೆಗೆದರೋ ಅವರಿಗೇ ನೆನಪಿಲ್ಲ.

ಜನ ಕರಗಿದ ಮೇಲೆ ಓಪಲ್ ತಾಯಿಯ ಕುರ್ಚಿ ಮಡಚುತ್ತಿದ್ದಳು. ಹೋಬರ್ಟ್ ಖುಷಿಯಿಂದ ಬಂದ, ಹಿಂದೆಯೇ ಎಸ್ಟಿಲ್.

“ಓಪಲ್, ಒಳ್ಳೆ ಸುದ್ದಿ! ನಾವು ಮತ್ತೆ ಒಂದಾದ್ವಿ. ಒಂದೇ ಬ್ಯಾಂಡು, ಒಂದೇ ಹೆಸರು. ಆದ್ರೆ...” ಅವನು ಹುಲ್ಲಿನ ಕಡೆ ನೋಡಿದ. “ಬೇಸು ನುಡಿಸೋಕೆ ಎಸ್ಟಿಲ್‌ನ ಮನುಷ್ಯನೇ ಇರ್ಲಿ ಅಂತ. ಅವನು ಅದನ್ನ ಕೆಳಗಿಡಲ್ಲ.”

ಓಪಲ್ ನೋವಾಗುತ್ತದೆಯೇ ಎಂದು ಒಂದು ಗಳಿಗೆ ಕಾದಳು. ಆಗಲಿಲ್ಲ. ಹೊಟ್ಟೆಯೊಳಗಿಂದ ನಗು ಬಂತು. ಅವಳು ತಾಯಿಯ ಬಲಗಿವಿಗೆ ಬಾಯಿಟ್ಟು ಕೂಗಿದಳು:

“ಅಮ್ಮಾ, ಎರಡನೇ ಸಲ ಸರಿಯಾಗಿತ್ತಾ?”

“ಪರವಾಗಿಲ್ಲ” ಅಂದಳು ವರ್ಲಿ, ಮಗಳ ತೋಳು ಹಿಡಿದು ಏಳುತ್ತ. “ಆ ಗಂಡಸ್ರು ಯಾರೇ? ಮೂಲೇಲಿ ನಿಂತ್ಕೊಂಡು ಪಿಸಪಿಸ ಅಂತಿದ್ರಲ್ಲ, ಹಾಡು ಕೇಳೋಕೆ ಬಿಡದೆ.”