ಮೂರು ಹೆಸರಿನವಳು

ಮೇಣದ ಬತ್ತಿ ಹಚ್ಚುತ್ತಿದ್ದ ಬೌದ್ಧ ಭಿಕ್ಷು ಭಂತೇಜಿ ತಲೆಯೆತ್ತಿ, "ತೀರಿಕೊಂಡವರ ಹೆಸರು?" ಎಂದರು.

"ಯಶೋಧರಾ," ಎಂದ ಮಗ ಮಿಲಿಂದ.

"ಪುಷ್ಪಾ," ಎಂದಿತು ಬಿಸ್ಕತ್ತು ಕಾರ್ಖಾನೆಯ ಹೆಂಗಸರ ನಡುವಿನಿಂದ ಒಂದು ದನಿ.

"ಏ, ಅದು ಹಳೇದು. ಈಗ ವಂದನಾ ಅಲ್ವೇನೇ?"

ಭಂತೇಜಿ ಕಡ್ಡಿ ಹಿಡಿದೇ ಕೂತರು. "ಹೋಗಿರೋದು ಒಬ್ಬರೇ ತಾನೇ?"

ಅಳುತ್ತಿದ್ದ ಜೊತೆಗೆಲಸದ ಗೆಳತಿ ತುಳಸಾಳಿಗೆ ನಗು ಬಂತು. "ಒಬ್ಬಳೇ ಭಂತೇಜಿ. ಕಾರ್ಖಾನೆಗೆ ಮಾತ್ರ ಮೂರು ಜನ."

\*

ಎಡೆಬಿಡದೆ ಇಂತಿಷ್ಟು ದಿನ ದುಡಿದವರನ್ನು ಸುಮ್ಮನೆ ತೆಗೆದುಹಾಕುವಂತಿಲ್ಲ ಎಂದು ಕಾನೂನಿತ್ತು. ಆ ಗಡಿ ಹತ್ತಿರವಾದಾಗೆಲ್ಲ ಗುತ್ತಿಗೆದಾರ ಧೋಟೆ ಹೆಂಗಸರಿಗೆ 'ಬ್ರೇಕ್' ಕೊಟ್ಟು ಮನೆಗೆ ಕಳಿಸುತ್ತಿದ್ದ. ವಾರ ಬಿಟ್ಟು ಬೇರೆ ಹೆಸರಲ್ಲಿ ಕರೆಸಿಕೊಳ್ಳುತ್ತಿದ್ದ. ಉಳಿದವರು ಬೈದುಕೊಂಡು ಬಂದರೆ, ಯಶೋಧರಾ ಹೂ ಮುಡಿದು ಬರುತ್ತಿದ್ದಳು.

"ಈ ಸಲ ಯಾರೇ ನೀನು?" ಎಂದು ತುಳಸಾ ಕೇಳಿದ್ದಳು.

"ವಂದನಾ. ಇವಳು ಸ್ವಲ್ಪ ಸೋಮಾರಿ ಕಣೇ. ಪುಷ್ಪಾನಷ್ಟು ಡಬ್ಬ ಕಟ್ಟಲ್ಲ."

ಕೊನೆಗೆ ತುಳಸಾಳನ್ನು ಧೋಟೆ ಬಿಡಿಸಿಯೇಬಿಟ್ಟ. ಅವಳು ಕೋರ್ಟಿಗೆ ಹೋದಳು. ಅವಳು ದುಡಿದ ಹೆಸರುಗಳೆಲ್ಲ ಬೇರೆ ಬೇರೆ ಹೆಂಗಸರದು, ಯಾರೂ ಅಷ್ಟು ದಿನ ದುಡಿದಿಲ್ಲ ಎಂದು ಅವನು ಪ್ರಮಾಣ ಮಾಡಿದ. ಹೆದರಿದ ಹೆಂಗಸರಲ್ಲಿ ಸಾಕ್ಷಿ ಹೇಳಲು ಒಪ್ಪಿದ್ದವಳು ಯಶೋಧರಾ ಒಬ್ಬಳೇ. ವಿಚಾರಣೆ ಬರುವ ಸೋಮವಾರವಿತ್ತು.

\*

ಚಿತೆಗೆ ಬೆಂಕಿ ಕೊಟ್ಟ ಮೇಲೆ ಸ್ಮಶಾನದ ಚಪ್ಪರದಲ್ಲಿ ಶೋಕಸಭೆ ನಡೆಯಿತು. ನಾಗಪುರದ ನಗರಪಾಲಿಕೆ ಚುನಾವಣೆಗೆ ನಿಲ್ಲಬೇಕೆಂದಿದ್ದ ಧೋಟೆ ತಾನಾಗಿ ಎದ್ದು ಮೈಕು ಹಿಡಿದ. ಮೈಕು ಸಿಕ್ಕರೆ ಅವನಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ.

"ಯಶೋಧರಾಬಾಯಿ ನಮ್ಮ ಮನೆಯವರ ಥರ. ಅವರು, ಇಲ್ಲೇ ಕೂತಿರೋ ತುಳಸಾಬಾಯಿ, ಇಬ್ಬರದೂ ಜೋಡಿ. ಎಷ್ಟು ವರ್ಷ ನನ್ನ ಹತ್ರ ದುಡಿದ್ರು! ನಾನು ಎಷ್ಟು ಸಲ ಹೆಸರು ಬದಲಾಯಿಸಿದ್ರೂ ಕೈ ಅದೇ, ಕೆಲಸ ಅದೇ..."

ಧೋಟೆ ಮೈಕನ್ನು ಬಾಯಿಂದ ದೂರ ಹಿಡಿದು ಅದನ್ನೇ ನೋಡಿದ.

ತುಳಸಾ ಕೈಮುಗಿದು ಎದ್ದಳು. "ಇನ್ನೊಂದ್ಸಲ ಹೇಳಿ ಸಾಹೇಬ್ರೇ. ಹಿಂದೆ ಕೂತವರಿಗೆ ಕೇಳಿಸ್ತೋ ಇಲ್ವೋ."

"ಕೇಳಿಸ್ತು ಬಿಡೇ," ಎಂದಳು ಹಿಂದಿನ ಸಾಲಿನ ಮುದುಕಿ.

"ಕೋರ್ಟಿಗೆ ಬಂದೂ 'ಕೇಳಿಸ್ತು' ಅಂತ ಹೇಳ್ತೀಯಾ ಅಜ್ಜಿ?"

ಮುದುಕಿ ಧೋಟೆಯನ್ನು ನೋಡಿದಳು, ಉರಿಯುತ್ತಿದ್ದ ಚಿತೆಯನ್ನು ನೋಡಿದಳು, ಕೈಯೆತ್ತಿದಳು. ಪಕ್ಕದವಳೂ ಎತ್ತಿದಳು. ಬಳೆಗಳು ಸದ್ದುಮಾಡುತ್ತ ಬಿಳಿ ಸೀರೆಗಳ ಸಾಲಿನುದ್ದಕ್ಕೂ ಕೈಗಳು ಏಳುತ್ತ ಬಂದವು. ಎಲ್ಲಕ್ಕಿಂತ ಕೊನೆಗೆ, ಮೈಕಿನ ಪಕ್ಕದಲ್ಲೇ ಕೂತಿದ್ದ ಭಂತೇಜಿಯ ಕೈಯೂ ಕಾಷಾಯದೊಳಗಿಂದ ಮೆಲ್ಲಗೆ ಮೇಲೆದ್ದಿತು.