ನೇಮ ಹಿಡಿದ ಪುಣೆ ಮೊಲಗಳು

ಆ ಎರಡು ಮರಿಗಳ ಮೇಲೆ ತನಗೆ ಎಳ್ಳಷ್ಟೂ ಮಾಯೆ-ಮಮತೆ ಹುಟ್ಟುತ್ತಿಲ್ಲವಲ್ಲ ಎಂಬ ಸಣ್ಣ ಚಿಂತೆ ಅನಂತಮತಿಯನ್ನು ಮೊದಲ ದಿನದಿಂದಲೇ ಹಿಡಿದುಕೊಂಡಿತ್ತು. ಇಂಥದ್ದನ್ನು ಯಾರ ಮುಂದೆ ಹೇಳುವುದು? ದಿನಚರಿಯಲ್ಲಿ ಒಂದು ಸಾಲು ಬರೆದು, ಬರೆದದ್ದಕ್ಕೆ ತಾನೇ ನಾಚಿ, ಹಾಳೆ ಮಗುಚಿದಳು. ಜೀವದಯೆಯೇ ಧರ್ಮವೆಂದು ತೊಟ್ಟಿಲಲ್ಲೇ ಕೇಳಿಸಿಕೊಂಡ ಜೈನರ ಮನೆಯ ಹುಡುಗಿ, ಕೊಲ್ಲಾಪುರದಲ್ಲಿ ಬಿ.ಎ. ಮುಗಿಸಿ ಈಗಷ್ಟೇ ಹುಕ್ಕೇರಿಗೆ ಮರಳಿದವಳು. ಅಂಥವಳಿಗೆ ಅಂಗೈಯಗಲದ ಎರಡು ಪ್ರಾಣಿಗಳನ್ನು ಕಂಡರೆ ತಿರಸ್ಕಾರ ಬರುವುದೆಂದರೇನು?

ಆದರೆ ಬರುತ್ತಿತ್ತು. ಬಾಲವಿಲ್ಲ, ಕುತ್ತಿಗೆಯಿಲ್ಲ, ಸೊಂಟವೆಂಬುದಿಲ್ಲ. ಬಟಾಟೆಗೆ ಕೂದಲು ಬಂದು, ಎರಡು ಕಣ್ಣು ಅಂಟಿದರೆ ಹೇಗೋ ಹಾಗೆ. ನೆಲದೊಳಗೆ ಬೆಳೆದ ಗಡ್ಡೆಯನ್ನು ಹೊಸ್ತಿಲು ದಾಟಿಸದ ಆ ಮನೆಗೆ ಬಂದ ಮೊದಲ ಬಟಾಟೆಗಳು ಇವೇ ಇರಬೇಕು ಎಂದುಕೊಂಡಳು. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಸಾಕು, ಎರಡೂ ಇದ್ದಲ್ಲೇ ಕಲ್ಲಾಗುತ್ತಿದ್ದವು. ಹೆದರಿದ ಪ್ರಾಣಿ ಓಡಬೇಕು, ಇಲ್ಲ ಕಚ್ಚಬೇಕು. ಎರಡನ್ನೂ ಮಾಡದೆ, ತನ್ನನ್ನು ಯಾರೂ ನೋಡದಿರಲಿ ಎಂದು ಉಸಿರು ಬಿಗಿಹಿಡಿದು ಕೂಡುವ ಆ ಅಂಜುಬುರುಕತನ ಕಂಡು ಅವಳ ಮೈ ಉರಿಯುತ್ತಿತ್ತು. ಯಾಕೆ ಅಷ್ಟು ಉರಿಯುತ್ತಿತ್ತು ಎಂಬುದನ್ನು ಅವಳು ದಿನಚರಿಯಲ್ಲೂ ಬರೆಯಲಿಲ್ಲ.

ಮರಿಗಳನ್ನು ತಂದವನು ಭೂಪಾಲಮಾಮಾ, ತೀರಿಹೋದ ಅವಳ ತಾಯಿಯ ತಮ್ಮ. ಪುಣೆಯ ಒಂದು ಔಷಧದ ಲ್ಯಾಬೋರೇಟರಿಯಲ್ಲಿ ಪ್ರಾಣಿಗಳಿಗೆ ನೀರು-ಮೇವು ನೋಡಿಕೊಳ್ಳುವ ಕೆಲಸ ಅವನದು. ಅಲ್ಲಿ ಇವುಗಳಿಗೆ ಸೂಜಿ ಚುಚ್ಚಿ, ರೋಗ ಹಿಡಿಸಿ, ಸಾಯುತ್ತವೋ ಬದುಕುತ್ತವೋ ನೋಡುತ್ತಾರಂತೆ. ಲೆಕ್ಕಕ್ಕೆ ಹೆಚ್ಚಾದ ಎರಡು ಹೆಣ್ಣುಮರಿಗಳನ್ನು ಸಾಹೇಬರನ್ನು ಕೇಳಿಕೊಂಡು ಬುಟ್ಟಿಯಲ್ಲಿ ಹಾಕಿಕೊಂಡು, ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಮಳೆಯಲ್ಲಿ ಬಸ್ಸು ಹತ್ತಿ ಬಂದಿದ್ದ. ತಾನೇ ಪೆಟ್ಟಿಗೆ ಸಿದ್ಧಮಾಡಿದ. ಚಹದ ಹಳೆಯ ಪೆಟ್ಟಿಗೆಯನ್ನು ಅಡ್ಡ ಹಾಕಿ, ತಂಪು ತಟ್ಟದಂತೆ ಕೆಳಗೆ ಎರಡು ಮಣೆ ಕೊಟ್ಟು, ಒಳಗೆ ಒಣಹುಲ್ಲು ಹಾಸಿ, ಬಾಯಿ ಒಡೆದ ಒಂದು ಗಡಿಗೆಯನ್ನು ಮೂಲೆಯಲ್ಲಿ ಮಲಗಿಸಿದ. ಹೆದರಿಕೆಯಾದಾಗ ಹೊಕ್ಕು ಕೂಡಲು ಇವಕ್ಕೊಂದು ಮನೆ ಬೇಕು. ಹೊಸ ಜಾಗದ ವಾಸನೆಗೆ ಹೊಂದಿಕೊಳ್ಳುವ ತನಕ ಯಾರೂ ಎತ್ತಬಾರದು, ಮುಟ್ಟಬಾರದು. ಹತ್ತಿರ ಕೂತು ಮೆಲ್ಲಗೆ ಮಾತಾಡಿದರೆ ಸಾಕು ಎಂದ. ಮೆಲ್ಲಗೆ ಮಾತಾಡುವುದಕ್ಕೆ ಅನಂತಿಗಿಂತ ಬೇರೆ ಯಾರು ಸಿಕ್ಕಾರು ಎಂದು ನಕ್ಕ. ಆಮೇಲೆ, ಹೊರಡುವ ಮುಂಚೆ, ಅವಳೊಬ್ಬಳನ್ನೇ ಕರೆದು ನಗದೆ ಹೇಳಿದ:

"ಕಾಳ ಇಲ್ಲದಿದ್ರೂ ನಡೀತೈತಿ. ಹಸರ ಮಾತ್ರ ದಿನಾ ಹೊಟ್ಟಿಗೆ ಹೋಗಬೇಕವ್ವಾ, ಹುಲ್ಲರ ಇರಲಿ, ಕೊತಂಬರಿಯರ ಇರಲಿ. ಇಲ್ಲಂದ್ರ ವಸಡಿನಾಗ ರಕ್ತ ಬರತೈತಿ, ಮೊಣಕಾಲ ಬಾಯತಾವು. ಆಮ್ಯಾಲ ನಡಿಯೂದಿಲ್ಲ. ಆಮ್ಯಾಲ ಏನೂ ಇಲ್ಲ."

ಅವಳು ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ಆ ಮನೆಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಮೊದಮೊದಲು ಎಲ್ಲ ಸರಿಯಿತ್ತು. ಪೆಟ್ಟಿಗೆ ಹಿತ್ತಲ ಕೋಣೆಯಲ್ಲಿತ್ತು. ಬೆಳಿಗ್ಗೆ ಎಮ್ಮೆಗೆ ಬಂದ ಹುಲ್ಲಿನ ಹೊರೆಯಿಂದ ಅನಂತಮತಿ ಒಂದು ಹಿಡಿ ತಂದು ಗಡಿಗೆಯ ಬಾಯಿಗೆ ಇಡುತ್ತಿದ್ದಳು. ಮರಿಗಳು ಅವಳು ಹೋದ ಮೇಲೆ ತಿನ್ನುತ್ತಿದ್ದವು. ಆಮೇಲೆ ಅವಳು ಬೆನ್ನು ತಿರುಗಿಸಿದಾಗ. ಆಮೇಲೆ ಅವಳ ಕಣ್ಣ ಮುಂದೆಯೇ, ಎರಡು ತುದಿಯಿಂದ ಒಂದೇ ಎಸಳನ್ನು ಕಚ್ಚಿ, ನಡುವೆ ಮೂಗಿಗೆ ಮೂಗು ತಾಗಿದಾಗ ಜಗಳಾಡುತ್ತ. ಹುಲ್ಲಿನ ಸರಬರ ಕೇಳಿದರೆ ಸಾಕು, ವೀಕ್ ವೀಕ್ ಎಂದು ಇಡೀ ಹಿತ್ತಲು ಏಳುವಂತೆ ಕೂಗುತ್ತಿದ್ದವು. ಇಷ್ಟು ಸಣ್ಣ ದೇಹದಲ್ಲಿ ಇಷ್ಟು ದೊಡ್ಡ ಆಸೆ. ಅವಳಿಗೆ ಆಗಲೂ ಮಾಯೆ ಬಂತೆಂದಲ್ಲ. ಆದರೆ ಹುಲ್ಲಿಗೆ ಹೋಗುವಾಗ ಹೆಜ್ಜೆ ಸ್ವಲ್ಪ ಬೇಗ ಬೀಳುತ್ತಿತ್ತು.

ಅಷ್ಟರಲ್ಲಿ ಪದ್ಮವ್ವಕಾಕುವಿನ ಕಣ್ಣು ಇವುಗಳ ಮೇಲೆ ಬಿತ್ತು.

ಪದ್ಮವ್ವ ಅನಂತಮತಿಯ ಚಿಕ್ಕಪ್ಪನ ಹೆಂಡತಿ, ಮೂಡಲಗಿಯ ತವರಿನವಳು. ಅನಂತಮತಿಯ ತಾಯಿ ಸತ್ತಂದಿನಿಂದ ಮನೆಯ ಕೀಲಿಕೈ ಅವಳ ಸೊಂಟದಲ್ಲಿತ್ತು. ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಒಳ್ಳೆಯದಿತ್ತು, ಕೆಟ್ಟವರನ್ನು ಜನ ಒಮ್ಮೆಯಾದರೂ ಅನುಮಾನಿಸುತ್ತಾರೆ. ಇವಳು ಪುಣ್ಯವಂತೆ. ಇವಳು ಮಾಡಿದ ಉಪವಾಸ ಇವಳ ಹೊಟ್ಟೆಗಿಂತ ಮೊದಲು ಬಸ್ತಿಯ ಓಣಿಗೆ ತಿಳಿಯುತ್ತಿತ್ತು. ಬಾಯಾರಿಕೆ ತಡೆದ ದಿನ ನಾಲ್ಕು ಮನೆಗೆ ಹೋಗಿ, ನೀರು ಬೇಡವೆಂದು ಹೇಳಿ ಬರುತ್ತಿದ್ದಳು. ಇಂಥವಳ ಕೈಗೆ ಸೂಜಿಯ ಬಾಯಿಂದ ಪಾರಾಗಿ ಬಂದ ಎರಡು ಜೀವ ಸಿಕ್ಕರೆ ಬಿಟ್ಟಾಳೆಯೇ? ಇದು ಅಭಯದಾನ ಎಂದಳು. ಭೂಪಾಲ ತಂದದ್ದು ಹೌದು, ಆದರೆ ಆಸರೆ ಕೊಟ್ಟ ಮನೆ ಯಾವುದು ಎಂದು ಕೇಳಿದಳು. 'ಗಿನಿಹಂದಿ' ಎಂಬ ಹೆಸರು ಕಿವಿಗೆ ಬಿದ್ದಾಗ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇನ್ನು ಮುಂದೆ ಇವು ಪುಣೆ ಮೊಲಗಳು ಎಂದು ಅಪ್ಪಣೆ ಮಾಡಿದಳು.

ಚಾತುರ್ಮಾಸ ಬಂತು. ಮಳೆಗಾಲದಲ್ಲಿ ಸೊಪ್ಪುಸದೆಯಲ್ಲಿ ಹುಳಹುಪ್ಪಟೆ ಹೆಚ್ಚು. ಜೀವಹಿಂಸೆ ಆಗದಿರಲಿ ಎಂದು ಆ ಮನೆಯಲ್ಲಿ ನಾಲ್ಕು ತಿಂಗಳು ಹಸಿರು ಬಿಡುತ್ತಿದ್ದರು. ಅದೇನೂ ಹೊಸದಲ್ಲ, ಅನಂತಮತಿಯೂ ಬಿಟ್ಟಿದ್ದಳು. ಹೊಸದಾದದ್ದು ಕಾಕುವಿನ ತಲೆಗೆ ಹೊಳೆದ ಮಾತು: ಒಂದೇ ಮಾಡಿನ ಕೆಳಗೆ ಮನುಷ್ಯರು ನೇಮ ಹಿಡಿದಿರುವಾಗ ಈ ಜೀವಗಳು ಹಸಿರು ತಿಂದರೆ ಆ ಪಾಪ ಯಾರ ತಲೆಗೆ? ಪೆಟ್ಟಿಗೆಯನ್ನು ಬಸ್ತಿಗೆ ಹೊರಿಸಿಕೊಂಡು ಹೋಗಿ, ದೇವರ ಮುಂದೆ ಇಟ್ಟು, ಇವುಗಳ ಪರವಾಗಿ ತಾನೇ ಹಸಿರು ಬಿಡುವ ನೇಮ ತೆಗೆದುಕೊಂಡು ಬಂದಳು. ಪ್ರಾಣಿಗಳಿಗೆ ನೇಮವಿಲ್ಲ ತಾಯಿ, ನೇಮ ಹಿಡಿಯುವುದಕ್ಕೆ ತಿಳಿದ ಮನಸ್ಸು ಬೇಕು ಎಂದು ಬಸ್ತಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರು ಮೆತ್ತಗೆ ಹೇಳಿದರಂತೆ. ಕಾಕುವಿನ ಕಿವಿ ಬೇಕಾದಾಗ ಮಂದವಾಗುತ್ತಿತ್ತು.

ಅಂದಿನಿಂದ ಪೆಟ್ಟಿಗೆ ಹಿತ್ತಲು ಬಿಟ್ಟು ಪಡಸಾಲೆಗೆ ಬಂತು, ಬಂದವರ ಕಣ್ಣಿಗೆ ಬೀಳುವ ಹಾಗೆ. ಗಡಿಗೆಯನ್ನು ತೆಗೆಸಿದಳು, ಮೊಲಗಳು ಒಳಗೆ ಹೊಕ್ಕರೆ ಬಂದವರು ನೋಡುವುದೇನನ್ನು? ತಿನ್ನಲು ಹಾಲು, ನೆನೆಸಿದ ಕಡಲೆ, ಚುರುಮುರಿ, ಅಷ್ಟಮಿಯಂದು ಸಕ್ಕರೆ. ಹೊತ್ತು ಮುಳುಗಿದ ಮೇಲೆ ಮನೆಯವರಂತೆ ಅವೂ ಉಣ್ಣಬಾರದೆಂದು ಬಟ್ಟಲು ಖಾಲಿ.

ತಮಾಷೆಯೆಂದರೆ ಹಿತ್ತಲಲ್ಲಿ ಎಮ್ಮೆ ದಿನಾ ಒಂದು ಹೊರೆ ಹಸಿಹುಲ್ಲನ್ನು ನಿಶ್ಚಿಂತೆಯಿಂದ ಮೇಯುತ್ತಿತ್ತು. ಅದಕ್ಕೆ ನೇಮವಿರಲಿಲ್ಲ, ಅದು ಹಾಲು ಕೊಡುತ್ತಿತ್ತು. ಹೊರೆ ಅಂಗಳಕ್ಕೆ ಬಿದ್ದ ಸದ್ದಿಗೆ ಪಡಸಾಲೆಯ ಮರಿಗಳು ಪೆಟ್ಟಿಗೆಯ ಅಂಚಿನ ಮೇಲೆ ಮುಂಗಾಲಿಟ್ಟು ನಿಂತು ಕೂಗುತ್ತಿದ್ದವು. ಕಾಕು ಬಂದವರಿಗೆ ಅರ್ಥ ಹೇಳುತ್ತಿದ್ದಳು: ನೋಡಿದಿರಾ, ಬೆಳಗಾದ ಕೂಡಲೆ ಣಮೋಕಾರ ಮಂತ್ರ ಹೇಳುತ್ತವೆ. ಬಂದವರು ಕೈ ಮುಗಿಯುತ್ತಿದ್ದರು. ಅಕ್ಷರ ಬಲ್ಲವರೂ ಮುಗಿಯುತ್ತಿದ್ದರು. ಕಂಬದ ಹಿಂದೆ ನಿಂತ ಅನಂತಮತಿ ಅವರ ಒಂದೊಂದೇ ಮುಖ ನೋಡಿ, ಇವರಿಗಿಂತ ಬಟಾಟೆಗಳೇ ಬುದ್ಧಿವಂತವು, ಹಸಿವನ್ನು ಹಸಿವೆಂದೇ ಕೂಗುತ್ತವೆ ಎಂದುಕೊಂಡಳು. ಅಂದುಕೊಂಡಳು, ಅಷ್ಟೇ.

ತಂದೆ ಅಣ್ಣಾಸಾಹೇಬರಿಗೆ ಹೇಳಬೇಕೆಂದು ಒಂದು ದಿನ ಅವರ ಬಟ್ಟೆ ಅಂಗಡಿಯ ತನಕ ಹೋದಳು. ಅವರು ಥಾನು ಮಡಚುತ್ತ, ಏನವ್ವ ಅಂದರು. ಪುಣೆ ಮೊಲ ಅಂದಳು. ಅದೆಲ್ಲ ನಿಮ್ಮ ಕಾಕುಗೆ ಗೊತ್ತು, ಅವಳನ್ನು ಕೇಳು ಅಂದರು. ಮನೆಯ ಹೆಂಗಸರ ಮಾತು ಬಂದರೆ ಅವರ ಥಾನುಗಳು ಮಡಚಿ ಮುಗಿಯುತ್ತಲೇ ಇರಲಿಲ್ಲ. ಮರಳಿ ಬಂದು, ಎಮ್ಮೆ ಮೇಯುವ ಗೋದಲಿಯಿಂದ ಒಂದು ಹಿಡಿ ಹುಲ್ಲು ಕಿತ್ತು ಸೆರಗಿನಲ್ಲಿ ಮುಚ್ಚಿ ಪಡಸಾಲೆಗೆ ಕಾಲಿಟ್ಟಳು. ಅಲ್ಲಿ ಕಾಕು ಜಪಮಾಲೆ ಹಿಡಿದು ಕೂತಿದ್ದಳು. ಜೊತೆಗೆ ಓಣಿಯ ಇಬ್ಬರು ಹೆಂಗಸರು. ಮರಿಗಳು ವಾಸನೆ ಹಿಡಿದು ಕೂಗಿದವು. ಸೆರಗಿನಿಂದ ಒಂದು ಎಸಳು ಇಣುಕುತ್ತಿತ್ತು.

"ನೋಡ್ರೆವಾ," ಅಂದಳು ಕಾಕು, ಸಿಟ್ಟಿಲ್ಲದೆ, ಮಣಿ ಎಣಿಸುವುದನ್ನೂ ನಿಲ್ಲಿಸದೆ. "ನಮ್ಮ ಬಿ.ಎ. ಬಾಯಿ ಹುಲ್ಲ ಮೇಯಾಕ ಕಲತ ಬಂದಾಳ ಕೊಲ್ಲಾಪುರದಾಗ."

ಹೆಂಗಸರು ನಕ್ಕರು. ಅನಂತಮತಿಯ ಕಿವಿ ಕಾದವು. ಹಿಂದಕ್ಕೆ ಹೋಗಿ ಆ ಹಿಡಿಯನ್ನು ಎಮ್ಮೆಯ ಮುಂದೆ ಹಾಕಿದಳು. ಎಮ್ಮೆ ಅದನ್ನೂ ತಿಂದಿತು. ಆಮೇಲೆ ಅವಳು ಮತ್ತೆ ಪ್ರಯತ್ನಿಸಲಿಲ್ಲ. ರಾತ್ರಿ ದಿನಚರಿಯಲ್ಲಿ ಕಾಕುವನ್ನು ಚೆನ್ನಾದ ವಾಕ್ಯಗಳಲ್ಲಿ ಬೈದಳು. ವಾಕ್ಯಗಳು ಎಷ್ಟು ಚೆನ್ನಾಗಿದ್ದವೆಂದರೆ, ಓದಿ ಅವಳಿಗೇ ಹೇಸಿಗೆ ಬಂತು.

ಮಳೆ ಹಿಡಿದು ಕೂತಿತು. ಮರಿಗಳ ಮೈಗೂದಲು ನೆನೆಯದೆಯೇ ನೆನೆದ ಹಾಗೆ ಮುದ್ದೆಯಾಯಿತು. ಕಡಲೆ ಬಟ್ಟಲಲ್ಲೇ ಉಳಿದು ಹುಳಿಯತೊಡಗಿತು. ಕಂದು ಬಣ್ಣದ್ದು ಇನ್ನೂ ಹುಲ್ಲಿನ ಸದ್ದಿಗೆ ಕ್ಷೀಣವಾಗಿ ಕೂಗುತ್ತಿತ್ತು. ಬಿಳಿಯದು ತಲೆ ಎತ್ತಿ, ಬಾಯಿ ತೆರೆದು, ಸುಮ್ಮನಾಗುತ್ತಿತ್ತು. ಒಂದು ಮುಂಜಾನೆ ಅದು ಹಿಂಗಾಲು ಎಳೆಯುತ್ತ ಬಟ್ಟಲಿನ ತನಕ ಬಂದದ್ದನ್ನು ಅನಂತಮತಿ ನೋಡಿದಳು. ಮಾಮಾ ಹೇಳಿದ್ದು ಅವನು ಹೇಳಿದ ಕ್ರಮದಲ್ಲೇ ನಡೆಯುತ್ತಿತ್ತು. ಇನ್ನು ಉಳಿದದ್ದು ಅವನ ಕಡೆಯ ಮಾತು.

ಕಾಕು ಕೂಡ ನೋಡಿದಳು. ನೋಡಿ ಖುಷಿಪಟ್ಟಳು. ಅಲುಗಾಡದೆ ನಿಂತು ಧ್ಯಾನ ಮಾಡುವ ಮುನಿಗಳ ಹಾಗೆ ಮೊಲ ಕಾಯೋತ್ಸರ್ಗ ಮಾಡುತ್ತಿದೆ ಎಂದು ಓಣಿಗೆಲ್ಲ ಹೇಳಿಕಳಿಸಿದಳು. ಸುದ್ದಿ ಓಣಿ ದಾಟಿತು. ಶ್ರಾವಣದ ಅಷ್ಟಮಿಗೆ ಮೂಡಲಗಿಯಿಂದ ತವರಿನ ಹೆಂಗಸರು ಬಂದರು, ಗೋಕಾಕದಿಂದ ಸಾವಿತ್ರವ್ವ ಬಂದಳು. ಸಾವಿತ್ರವ್ವ ಕಾಕುವಿಗಿಂತ ದೊಡ್ಡ ಮನೆಯವಳು, ಹೆಚ್ಚು ಉಪವಾಸ ಮಾಡಿದವಳು. ಅವಳಿಂದ ಹೌದು ಅನ್ನಿಸಿಕೊಳ್ಳಬೇಕೆಂಬುದು ಕಾಕುವಿನ ಬಹಳ ದಿನದ ಆಸೆ. ಪಡಸಾಲೆಗೆ ರಂಗೋಲಿ ಬಿತ್ತು. ಪೆಟ್ಟಿಗೆಗೆ ಮಾವಿನೆಲೆಯ ತೋರಣ ಕಟ್ಟಿದ್ದರು, ಮರಿಗಳ ಬಾಯಿಗೆ ಎಟುಕದಷ್ಟು ಮೇಲೆ. ಆರತಿಯ ತಟ್ಟೆ ಹಿಡಿದು ನಿಲ್ಲುವ ಕೆಲಸ ಅನಂತಮತಿಯದು.

ಬಿಳಿ ಮರಿ ಪಕ್ಕಕ್ಕೆ ವಾಲಿ ಬಿದ್ದಿತ್ತು. ಪಕ್ಕೆ ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು. ಕಂದು ಮರಿ ಅದಕ್ಕೆ ಒತ್ತಿ ಕೂತಿತ್ತು.

"ಪದ್ಮಕ್ಕಾ, ಇದ್ಯಾಕ ಏಳವಲ್ತು?" ಎಂದು ಕೇಳಿದಳು ಸಾವಿತ್ರವ್ವ.

ಎಲ್ಲರೂ ತನ್ನ ಕಡೆ ನೋಡಲಿ ಎಂದು ಕಾಕು ಮೊದಲು ಸೆರಗು ಸರಿಪಡಿಸಿಕೊಂಡಳು. ಆಮೇಲೆ ದನಿ ಇಳಿಸಿ ಅಂದಳು: "ಏನ ಹೇಳಲಿರಿ, ಅಕ್ಕಾ. ಎರಡ ದಿನಾ ಆತು, ಕಡ್ಲಿ ಮುಟ್ಟಿಲ್ಲ, ಹಾಲ ಮುಟ್ಟಿಲ್ಲ. ಸಲ್ಲೇಖನಾ ಹಿಡದೈತಿ."

ಹೆಂಗಸರ ಬಾಯಿಂದ ಒಂದೇ ನಿಟ್ಟುಸಿರು. ಯಾರೋ ಅಡ್ಡಬಿದ್ದರು. ಯಾರೋ ಅಕ್ಕಿ ತರಲು ಹೇಳಿದರು.

ಸಲ್ಲೇಖನ ಎಂದರೇನೆಂದು ಅನಂತಮತಿ ನೋಡಿದ್ದಳು. ಅವಳ ಅಜ್ಜ ಮುಪ್ಪಿನಲ್ಲಿ, ರೋಗ ಕೈಮೀರಿದಾಗ, ಗುರುಗಳನ್ನು ಕೇಳಿ ಹಿಡಿದಿದ್ದರು. ಎಚ್ಚರದಲ್ಲಿ, ನಗುಮುಖದಲ್ಲಿ, ಅನ್ನ, ಹಾಲು, ನೀರು ಒಂದೊಂದೇ ಬಿಡುತ್ತ ಹೋಗಿ, ಮನೆಯವರಿಂದ ಹಿಡಿದು ಎಮ್ಮೆ ಕಾಯುವವನ ತನಕ ಎಲ್ಲರ ಕ್ಷಮೆ ಕೇಳಿದ್ದರು. ಯಾರೂ ಅವರ ಮುಂದಿನ ತಟ್ಟೆ ಕಿತ್ತುಕೊಂಡಿರಲಿಲ್ಲ. ಯಾರೂ ತೋರಣ ಕಟ್ಟಿರಲಿಲ್ಲ. ಆ ಕೋಣೆಯಲ್ಲಿ ನಿಂತಾಗ ಅವಳಿಗೆ ಮಾತು ಬೇಕೆನ್ನಿಸಿರಲಿಲ್ಲ.

"ಪ್ರಾಣಿಗೂ ಅಷ್ಟ ತಿಳಿತೈತೇನ?" ಎಂದಳು ಸಾವಿತ್ರವ್ವ. ಅವಳ ದನಿಯಲ್ಲಿ ಭಕ್ತಿ ಅರ್ಧ, ಅನುಮಾನ ಅರ್ಧ.

ಕಾಕು ಸೋಲುವವಳಲ್ಲ. ಮನೆಯಲ್ಲಿ ಕಲಿತವಳೊಬ್ಬಳಿದ್ದಾಳೆ, ಈವತ್ತಾದರೂ ಉಪಯೋಗಕ್ಕೆ ಬರಲಿ ಎಂಬಂತೆ ತಿರುಗಿದಳು. "ಬೇಕಾರ ನಮ್ಮ ಅನಂತಿನ್ನ ಕೇಳ್ರಿ. ಬಿ.ಎ. ಆದಾಕಿ. ಇಕಿ ಮಾಮಾನ ತಂದು ಕೊಟ್ಟಾನ, ಇಕಿಗೆ ಎಲ್ಲಾ ಗೊತ್ತೈತಿ. ಹೇಳವಾ, ಖರೆ ಹೌದಲ್ಲೋ?"

ಹೇಳಬೇಕಾದದ್ದೇನೂ ಇರಲಿಲ್ಲ; ತಲೆಯಾಡಿಸಿದರೆ ಸಾಕಿತ್ತು. ಕಾಕು ಆಗಲೇ ಸಾವಿತ್ರವ್ವನ ಕಡೆ ತಿರುಗಿ, ಆ ತಲೆಯಾಟವನ್ನು ಪಡೆದವಳಂತೆ ನಗತೊಡಗಿದ್ದಳು.

ಅನಂತಮತಿ ಆರತಿಯ ತಟ್ಟೆಯನ್ನು ನೆಲಕ್ಕಿಟ್ಟಳು. ಪೆಟ್ಟಿಗೆಗೆ ಬಗ್ಗಿ ಬಿಳಿ ಮರಿಯನ್ನು ಎರಡೂ ಕೈಯಿಂದ ಎತ್ತಿದಳು. ತೂಕವೇ ಇರಲಿಲ್ಲ. ಮೊಣಕಾಲು ನೆಲ್ಲಿಕಾಯಿಯಷ್ಟು ಬಾತು ಬಿಸಿಯಾಗಿತ್ತು. ಬೆರಳು ತಾಗಿದ ಕೂಡಲೆ ನೋವಿಗೆ ಸಣ್ಣಗೆ ಕಿರುಗುಟ್ಟಿತು. ಅದರ ಬಾಯಿ ಒತ್ತಿದಲ್ಲಿ, ಅವಳ ಹೆಬ್ಬೆರಳ ಮೇಲೆ, ರಕ್ತದ ಒಂದು ಬೊಟ್ಟು ಉಳಿಯಿತು. ಕಾಕು ಕಣ್ಣಲ್ಲೇ ಕೆಳಗಿಡು ಅಂದಳು. ಪಡಸಾಲೆಯ ಅಷ್ಟೂ ಕಣ್ಣು ಅನಂತಮತಿಯ ಮೇಲಿದ್ದವು. ಮರಿಯ ಉಸಿರು ಅಂಗೈಗೆ ಬಡಿಯುತ್ತಿತ್ತು, ಬೇಗಬೇಗ, ಒಂದನ್ನೊಂದು ಬೆನ್ನಟ್ಟಿದ ಹಾಗೆ.

"ಸಲ್ಲೇಖನಾ ಅಲ್ಲರಿ ಇದು," ಅಂದಳು ಅನಂತಮತಿ. ದನಿ ಒಡೆದಿತ್ತು, ಆದರೆ ಕಂಬದಾಚೆಯ ತನಕ ಕೇಳಿಸಿತು. "ಇದಕ್ಕ ಬದಕಬೇಕಾಗೇತಿ. ನಾವು ಉಪಾಸ ಕೆಡವಿ ಕೊಲ್ಲಾಕತ್ತೇವಿ."